ಮುಳಬಾಗಿಲು ಕಡೆ ಆಕಾಶದಲ್ಲಿ ಕಂಡ ಬೆಳಕು ಏನೆಂದು ಪತ್ತೆ ಹಚ್ಚುವುದು ಹೇಗೆ?

ನೀವು ಬರೆದಿರುವುದು ಇಷ್ಟು: ಮುಳಬಾಗಿಲು ತಾಲ್ಲೂಕಿನ ನಿಮ್ಮೂರಿನಲ್ಲಿ ಮೂವರು ಒಂದೇ ರಾತ್ರಿ, ಬೇರೆ ಬೇರೆ ಜಾಗದಿಂದ, ಕಿತ್ತಳೆ ಬಣ್ಣದ ಬೆಳಕೊಂದು ನಿಧಾನವಾಗಿ ಸಾಗಿ ಇದ್ದಕ್ಕಿದ್ದಂತೆ ಆರಿದ್ದನ್ನು ಕಂಡಿದ್ದಾರೆ. ಒಬ್ಬರು ತೆಂಗಿನ ಮರದಷ್ಟು ಎತ್ತರದಲ್ಲಿತ್ತು ಅನ್ನುತ್ತಾರೆ, ಇನ್ನೊಬ್ಬರು ವಿಮಾನಕ್ಕಿಂತ ಮೇಲಿತ್ತು ಅನ್ನುತ್ತಾರೆ. ಊರಲ್ಲಿ ಅರ್ಧ ಜನ ಹಾರುವ ತಟ್ಟೆ ಅಂತಿದ್ದಾರೆ, ಉಳಿದವರು ಕಂಡವರನ್ನೇ ಗೇಲಿ ಮಾಡುತ್ತಿದ್ದಾರೆ. ನಿಜ ತಿಳಿಯುವ ದಾರಿ ಯಾವುದು ಎಂಬುದು ನಿಮ್ಮ ಪ್ರಶ್ನೆ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪ್ರೌಢಶಾಲೆಗೆ ವಿಜ್ಞಾನ ಪಾಠ ಮಾಡುವವನು. ಸುತ್ತಮುತ್ತ ಇಂಥ ಸುದ್ದಿ ಬಂದಾಗ ಹೋಗಿ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಆ ಅನುಭವದಿಂದ ಹೇಳುತ್ತೇನೆ: ಎತ್ತರದ ಮಾತು ಹೊಂದಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಸುಳ್ಳುಗಾರರು ಅನ್ನಬೇಡಿ. ಕತ್ತಲಲ್ಲಿ ಒಂಟಿ ಬೆಳಕು ಎಷ್ಟು ದೂರದಲ್ಲಿದೆ ಎಂದು ಹೇಳಲು ಯಾರ ಕಣ್ಣಿಗೂ ಆಗದು. ದೂರ ಗೊತ್ತಿಲ್ಲದ ಮೇಲೆ ಗಾತ್ರ, ವೇಗ, ಎತ್ತರ ಮೂರೂ ಬರೀ ಅಂದಾಜು. ಸುತ್ತ ಏನೂ ಇಲ್ಲದ ಕತ್ತಲಲ್ಲಿ ಒಂದೇ ಚುಕ್ಕೆಯನ್ನು ದಿಟ್ಟಿಸುತ್ತಿದ್ದರೆ ನಿಂತ ಬೆಳಕೂ ಓಲಾಡಿದ ಹಾಗೆ ಕಾಣುತ್ತದೆ. ನಿಮ್ಮ ಮೂವರೂ ಕಂಡದ್ದನ್ನೇ ಹೇಳುತ್ತಿರಬಹುದು.

ಆದರೆ ನೀವು ಬರೆದದ್ದರಲ್ಲಿ ಎರಡು ಸಂಗತಿ ಇಲ್ಲ: ದಿಕ್ಕು ಮತ್ತು ಗಂಟೆ. ಇಡೀ ತನಿಖೆ ನಿಂತಿರುವುದೇ ಅವೆರಡರ ಮೇಲೆ. "ಏನು ಕಂಡಿರಿ" ಎಂದು ಕೇಳಿದರೆ ಉತ್ತರ ಪ್ರತಿ ಸಲ ಒಂದಿಷ್ಟು ಬೆಳೆಯುತ್ತದೆ. "ಎಲ್ಲಿ ನಿಂತಿದ್ದಿರಿ, ಯಾವ ಮರದ ನೆತ್ತಿಯ ಮೇಲೆ ಕಂಡಿತು, ಆರುವಾಗ ಎಲ್ಲಿತ್ತು" ಎಂದು ಕೇಳಿದರೆ ಅವತ್ತಿನ ನೋಟ ಹಾಗೇ ಹೊರಬರುತ್ತದೆ. ಹಾಗಾಗಿ ಮೂವರನ್ನೂ ಒಬ್ಬೊಬ್ಬರಾಗಿ, ಇನ್ನೊಬ್ಬರ ಮಾತು ಕಿವಿಗೆ ಬೀಳದ ಹಾಗೆ, ಅವರು ನಿಂತಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ. ಸಾಧ್ಯವಾದರೆ ಅದೇ ಹೊತ್ತಿಗೆ. ಕೈ ಚಾಚಿ ತೋರಿಸಲು ಹೇಳಿ, ಆ ಕಡೆಗೆ ಮೊಬೈಲಿನ ದಿಕ್ಸೂಚಿ ಹಿಡಿದು ಅಂಕಿ ಬರೆದುಕೊಳ್ಳಿ. ನೆಲದಿಂದ ಎಷ್ಟು ಮೇಲೆ ಎಂಬುದಕ್ಕೆ ಚಾಚಿದ ಕೈಯ ಮುಷ್ಟಿ ಸಾಕು. ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಮೂರು ಮುಷ್ಟಿ ಅಂದರೆ 30 ಡಿಗ್ರಿ.

ಗಂಟೆ ಯಾರಿಗೂ ನೆನಪಿರುವುದಿಲ್ಲ, ಕೆಲಸ ನೆನಪಿರುತ್ತದೆ. ತ್ರೀ ಫೇಸ್ ಕರೆಂಟ್ ಬಂದು ಮೋಟರ್ ಹಾಕಲು ಹೋಗಿದ್ದರೇ? ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹಾಕಿ ಹೊರಗೆ ಬಂದಿದ್ದರೇ? ಡೇರಿಗೆ ಹಾಲು ಹಾಕಿ ಬರುವಾಗಲೇ? ಯಾರಿಗಾದರೂ ಆಗಲೇ ಫೋನ್ ಮಾಡಿ "ಹೊರಗೆ ಬಂದು ನೋಡು" ಅಂದಿದ್ದರೆ ಆ ಕರೆಯ ಸಮಯ ಮೊಬೈಲಿನಲ್ಲೇ ಇರುತ್ತದೆ. ಐದು ನಿಮಿಷದ ಹೆಚ್ಚುಕಮ್ಮಿ ಕೂಡ ಮುಖ್ಯ, ಏಕೆಂದರೆ ಒಂದು ಉಪಗ್ರಹ ಅಷ್ಟರಲ್ಲಿ ಆಕಾಶದ ಬಹುಪಾಲು ದಾಟಿಬಿಡುತ್ತದೆ.

ಮೂವರು ಬೇರೆ ಬೇರೆ ಜಾಗದಲ್ಲಿ ಇದ್ದದ್ದು ದೊಡ್ಡ ಅನುಕೂಲ. 2024ರ ಡಿಸೆಂಬರಿನಲ್ಲಿ ನಂದಿಬೆಟ್ಟದ ಈಶಾನ್ಯಕ್ಕಿರುವ ಒಂದು ಹಳ್ಳಿಯವರು ಸಂಜೆ ಬೆಟ್ಟದ ಮೇಲೆ ಏನೋ ಉರಿಯುತ್ತಾ ನಿಲ್ಲುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಕೆಂಪಾಗಿ ಮಾಯವಾಗುತ್ತದೆ ಎಂದು ಹೇಳಿದರು. ಬೆಟ್ಟದ ಆಚೆ, ದೊಡ್ಡಬಳ್ಳಾಪುರದಲ್ಲಿರುವ ಪರಿಚಯದವರಿಗೆ ಫೋನ್ ಮಾಡಿ ಅದೇ ಸಂಜೆ ಆಕಾಶ ನೋಡಲು ಹೇಳಿದೆ. ಬೆಳಕು ಬೆಟ್ಟದ ಮೇಲೇ ಇದ್ದಿದ್ದರೆ ಅವರಿಗೆ ಅದು ಈಶಾನ್ಯಕ್ಕೆ ಕಾಣಬೇಕಿತ್ತು. ಅವರಿಗೂ ನೈರುತ್ಯಕ್ಕೇ, ಅಷ್ಟೇ ಎತ್ತರದಲ್ಲಿ ಕಂಡಿತು. ಬೆಟ್ಟದ ಎರಡೂ ಬದಿಯವರಿಗೆ ಒಂದೇ ದಿಕ್ಕಿನಲ್ಲಿ ಕಾಣುವುದು ಬೆಟ್ಟದ ಮೇಲೆ ಇರಲಾರದು. ಅದು ಬಹಳ ದೂರದ್ದು. ಆ ತಿಂಗಳು ಸಂಜೆ ನೈರುತ್ಯದಲ್ಲಿ ಹೊಳೆಯುತ್ತಿದ್ದದ್ದು ಶುಕ್ರ. ಬೆಟ್ಟದ ಮಂಜಿನೊಳಗೆ ಇಳಿಯುವಾಗ ಕೆಂಪಾಗುತ್ತಿತ್ತು. ಮಾರನೇ ಸಂಜೆ ಆ ಹಳ್ಳಿಯವರ ಜೊತೆಗೇ ನಿಂತು ನೋಡಿದೆವು, ಅವರೇ ಒಪ್ಪಿಕೊಂಡರು.

ಶುಕ್ರನನ್ನು ಕಂಡು ಮೋಸಹೋದವರು ತಿಳಿಯದವರು ಅಂದುಕೊಳ್ಳಬೇಡಿ. ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಸರೋವರದ ಮೇಲೆ ಗುರುತು ಸಿಗದ ಬೆಳಕುಗಳನ್ನು 329 ಸಲ ದಾಖಲಿಸಿದ್ದರು. ಚೀನಾದ ಡ್ರೋನ್ ಎಂಬ ಅನುಮಾನವಿತ್ತು. ಪರಿಶೀಲಿಸಲು ಕರೆದದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು. ಗೌರಿಬಿದನೂರಿನ ರೇಡಿಯೋ ದೂರದರ್ಶಕ ಇದೆಯಲ್ಲ, ಅದೇ ಸಂಸ್ಥೆ. ನಕ್ಷತ್ರಗಳ ನಡುವೆ ಆ ಬೆಳಕುಗಳು ಹೇಗೆ ಸರಿಯುತ್ತಿವೆ ಎಂದು ಅಳೆದು, ಅವು ಗುರು ಮತ್ತು ಶುಕ್ರ ಗ್ರಹಗಳು ಎಂದು ಅವರು ತಿಳಿಸಿದರು. ಕಾವಲು ಕಾಯುವವರು ಕಂಡದ್ದನ್ನು ಬಿಡದೆ ದಾಖಲಿಸಿದ್ದರು. ನನಗೆ ಆ ಸೈನಿಕರ ಮೇಲೆ ಗೌರವ ಹೆಚ್ಚಾದದ್ದು ಅದಕ್ಕೇ.

ನಿಮ್ಮೂರಿನ ಬೆಳಕು ಸಾಗಿದೆ, ಆರಿದೆ. ಗ್ರಹ ಆಗಿರುವ ಸಾಧ್ಯತೆ ಕಡಿಮೆ. ದಿಕ್ಕು ಪೂರ್ವವಾಗಿದ್ದರೆ ಮೊದಲು ನೋಡಬೇಕಾದ್ದು ಶ್ರೀಹರಿಕೋಟಾ. ಮುಳಬಾಗಿಲಿನಿಂದ ನೇರ ದೂರ ಸುಮಾರು 200 ಕಿಲೋಮೀಟರ್. ರಾತ್ರಿ ಉಡಾವಣೆಯಾದರೆ ಪೂರ್ವದ ದಿಗಂತದಿಂದ ಕಿತ್ತಳೆ ಬೆಳಕು ಏರುತ್ತಾ ಬಂದು ಹಂತ ಉರಿದು ಮುಗಿದಾಗ ಥಟ್ಟನೆ ಮಂಕಾಗುತ್ತದೆ. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತ ಎರಡು ನಿಮಿಷದೊಳಗೆ ಮುಗಿಯುತ್ತದೆ. ಉಡಾವಣೆಯ ದಿನ, ಸಮಯವನ್ನು ಇಸ್ರೋ ಪ್ರಕಟಿಸುತ್ತದೆ, ಹೋಲಿಸಿ ನೋಡುವುದು ಸುಲಭ.

ದಿಕ್ಕು ಪಶ್ಚಿಮವಾಗಿದ್ದರೆ ವಿಮಾನ. ದೇವನಹಳ್ಳಿಯ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ಅಲ್ಲಿಂದ ಪೂರ್ವಕ್ಕೆ ಏರಿ ಬರುವ ವಿಮಾನದ ಮುಂದೀಪ ನಿಮ್ಮ ಕಡೆಗೇ ತಿರುಗಿದ್ದಷ್ಟು ಹೊತ್ತು ಅದು ನಿಂತಂತೆಯೋ ತೀರಾ ನಿಧಾನವಾಗಿ ಬರುವಂತೆಯೋ ಕಾಣುತ್ತದೆ. ವಿಮಾನ ತಿರುಗಿದ ಕೂಡಲೇ ಆರಿತು ಅನ್ನಿಸುತ್ತದೆ. ದೂರದಿಂದ ಸದ್ದೂ ಕೇಳಿಸದು. ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ಆ ರಾತ್ರಿಯ ಹಾರಾಟಗಳನ್ನು ಹಿಂದಕ್ಕೆ ಓಡಿಸಿ ನೋಡಬಹುದು, ಆದರೆ ಉಚಿತವಾಗಿ ಸಿಗುವುದು ಇತ್ತೀಚಿನ ಕೆಲವೇ ದಿನಗಳದ್ದು, ತಡ ಮಾಡಬೇಡಿ. ವಾಯುಪಡೆಯ ವಿಮಾನಗಳು ಅದರಲ್ಲಿ ಕಾಣದೆಯೂ ಇರಬಹುದು.

ಗಾಳಿ ಬೀಸಿದ ಕಡೆಗೇ ಸಾಗಿದ್ದರೆ, ಅವತ್ತು ಹತ್ತಿರದಲ್ಲಿ ಮದುವೆಯೋ ಜಾತ್ರೆಯೋ ಇತ್ತೇ ವಿಚಾರಿಸಿ. ಕಾಗದದ ಹಾರುವ ದೀಪ ಸದ್ದಿಲ್ಲದೆ ತೇಲಿಹೋಗುತ್ತದೆ, ಒಳಗಿನ ಬತ್ತಿ ಮುಗಿದರೆ ಒಮ್ಮೆಲೇ ಆರುತ್ತದೆ. ನೀವು ಬರೆದ ಬಣ್ಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ನಡುಆಕಾಶದಲ್ಲೇ ಭೂಮಿಯ ನೆರಳಿಗೆ ಹೋಗಿ ಮಾಯವಾಗುತ್ತದೆ, ಆದರೆ ಅದು ಕಾಣುವುದು ಸೂರ್ಯಾಸ್ತದ ನಂತರ ಅಥವಾ ಸೂರ್ಯೋದಯಕ್ಕೆ ಮುಂಚೆ, ಒಂದೆರಡು ಗಂಟೆಯೊಳಗೆ, ಬೆಳ್ಳಗೆ. ಹೆವನ್ಸ್ ಅಬವ್ ತಾಣದಲ್ಲಿ ನಿಮ್ಮೂರನ್ನು ಗುರುತಿಸಿದರೆ ಅದು ಕಾಣುವ ಸಮಯ, ಹಳೆಯ ತಾರೀಕಿನದೂ, ಸಿಗುತ್ತದೆ. ಸಾಲುಸಾಲಾಗಿ ಹೋದ ದೀಪಗಳಾಗಿದ್ದರೆ ಸ್ಟಾರ್‌ಲಿಂಕ್ ಉಪಗ್ರಹಗಳು ಅನ್ನುತ್ತಿದ್ದೆ; ನಿಮ್ಮದು ಒಂದೇ ಬೆಳಕು.

ವಿಡಿಯೋ ಇದ್ದರೆ ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಬಂದದ್ದು ಬೇಡ. ತೆಗೆದವರ ಮೊಬೈಲಿನಲ್ಲಿರುವ ಮೂಲ ಫೈಲನ್ನೇ ನೋಡಿ, ಅದರಲ್ಲಿ ಸಮಯ ಇರುತ್ತದೆ. ಪೂರ್ತಿ ಜೂಮ್ ಮಾಡಿದಾಗ ಕಾಣುವ ದುಂಡನೆಯ ತಟ್ಟೆ ಫೋಕಸ್ ತಪ್ಪಿದ ಬೆಳಕು, ಆಕಾರ ಅಲ್ಲ.

ಹೊಲದಲ್ಲಿ ಏನಾದರೂ ಬಿದ್ದಿರುವುದು ಸಿಕ್ಕಿದರೆ ಮಕ್ಕಳನ್ನು ದೂರ ಇಟ್ಟು 112ಕ್ಕೆ ತಿಳಿಸಿ. ಒಡೆದ ಬಲೂನು, ದಾರ, ಚಿಕ್ಕ ಬಿಳಿ ಡಬ್ಬಿ ಇದ್ದರೆ ಅದು ಬಹುಪಾಲು ಹವಾಮಾನ ಇಲಾಖೆಯದು, ಅಪಾಯವಿಲ್ಲ. ಲೋಹದ ತೊಟ್ಟಿಯೋ ಬಳೆಯಾಕಾರದ್ದೋ ಆದರೆ ಮುಟ್ಟಲೇಬಾರದು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದವರು ಆಕಾಶದಲ್ಲಿ ಬೆಂಕಿಯ ಸಾಲು ಕಂಡರು. ಅದೇ ರಾತ್ರಿ ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆ ಬಿದ್ದಿತ್ತು. ಮರಳಿ ವಾತಾವರಣಕ್ಕೆ ಬಿದ್ದ ಚೀನಾದ ರಾಕೆಟ್ಟಿನ ಭಾಗ ಅದು ಎಂದು ತಜ್ಞರು ಗುರುತಿಸಿದರು. ಅಂಥ ತೊಟ್ಟಿಗಳಲ್ಲಿ ವಿಷದ ಇಂಧನ ಉಳಿದಿರಬಹುದು.

ಇಷ್ಟೆಲ್ಲ ಮಾಡಿಯೂ ಏನೂ ಹೊಂದದಿದ್ದರೆ "ಗೊತ್ತಾಗಲಿಲ್ಲ" ಎಂದೇ ಬರೆದಿಡಿ. ಹಾರುವ ತಟ್ಟೆಯಂಥ ವರದಿಗಳನ್ನು ಪರಿಶೀಲಿಸಲು ಅಮೆರಿಕದ ವಾಯುಪಡೆ 1969ರವರೆಗೆ ನಡೆಸಿದ ಬ್ಲೂ ಬುಕ್ ಯೋಜನೆಯಲ್ಲಿ 12,618 ವರದಿಗಳ ಪೈಕಿ 701 ಬಗೆಹರಿಯದೆ ಉಳಿದವು. ಉಳಿದ ಮಾತ್ರಕ್ಕೆ ಅವು ಬೇರೆ ಲೋಕದ್ದು ಅಂತ ಆಗಲಿಲ್ಲ, ಕಂಡವರು ಸುಳ್ಳರು ಅಂತಲೂ ಆಗಲಿಲ್ಲ. ಊರಿನವರಿಗೂ ಹಾಗೆಯೇ ಹೇಳಿ. ಮೂವರ ದಿಕ್ಕು, ಮುಷ್ಟಿ ಲೆಕ್ಕ, ತಾರೀಕು, ಸಮಯ ಸಿಕ್ಕ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ಆ ರಾತ್ರಿಯ ಉಪಗ್ರಹಗಳನ್ನೂ ಉಡಾವಣೆಗಳನ್ನೂ ನಾನು ನೋಡಿ ಹೇಳುತ್ತೇನೆ.