ಧೋ ಅನ್ನುವ ಮಳೆಯಲ್ಲೇ ಶೂಟ್ ಮಾಡಿದರೂ ವಿಡಿಯೋದಲ್ಲಿ ಮಳೆ ಕಾಣುತ್ತಿಲ್ಲ, ಯಾಕೆ?

ಬೆಳಕು ಮುಂದಿನಿಂದ ಬೀಳುತ್ತಿರುವುದೇ ಕಾರಣ ಇರಬೇಕು. ಬಸ್ ಸ್ಟಾಪಿನ ಸೀನಿನಲ್ಲಿ ನಟರ ಒದ್ದೆ ಬಟ್ಟೆ ಮಾತ್ರ ಕಾಣುತ್ತಿದೆ, ಸಿನಿಮಾದ ಹಾಗೆ ಬರುತ್ತಿಲ್ಲ ಎಂದಿದ್ದೀರಿ. ಸಿನಿಮಾದ್ದು ಹೆಚ್ಚಾಗಿ ನಿಜವಾದ ಮಳೆಯೇ ಅಲ್ಲ. ಟ್ಯಾಂಕರ್ ನೀರನ್ನು ಮೇಲಿನಿಂದ ದಪ್ಪ ಹನಿಯಾಗಿ ಸುರಿಸಿ, ಹಿಂದಿನಿಂದ ಲೈಟ್ ಬಿಡುತ್ತಾರೆ. ಹನಿ ಹೊಳೆಯುವುದು ಆ ಬೆಳಕಿಗೇ.

ಮೊದಲು ಲೈಟನ್ನು ನಟರ ಹಿಂದೆ, ಫ್ರೇಮಿನಿಂದ ಆಚೆ, ಸ್ವಲ್ಪ ಎತ್ತರದಲ್ಲಿ ಇಡಿ. ಲೆನ್ಸಿಗೆ ನೇರ ಹೊಡೆಯದಂತೆ ನೋಡಿಕೊಳ್ಳಿ. ಬ್ಯಾಟರಿ ಲೈಟ್ ಅಥವಾ ಕಾರಿನ ಹೆಡ್‌ಲೈಟ್ ಸಾಕು. ಮಳೆಯಲ್ಲಿ ಕರೆಂಟಿನ ಲೈಟು, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

ಆಮೇಲೆ ಹಿನ್ನೆಲೆ. ಬಿಳಿ ಆಕಾಶ, ಸುಣ್ಣ ಬಳಿದ ಗೋಡೆ ಇದ್ದರೆ ಹನಿ ಅದರಲ್ಲೇ ಕರಗಿಹೋಗುತ್ತದೆ. ಕತ್ತಲಾದ ಮರ, ಮುಚ್ಚಿದ ಅಂಗಡಿ ಇರುವ ಕಡೆಗೆ ಕ್ಯಾಮೆರಾ ತಿರುಗಿಸಿ. ಹೊತ್ತು ಮುಳುಗಿದ ಮೇಲೆ ತೆಗೆದರೆ ಅರ್ಧ ಕೆಲಸ ಆದಂತೆ.

ಶಟರ್, ಅಂದರೆ ಪ್ರತಿ ಫ್ರೇಮಿಗೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯ, 1/50 ಸೆಕೆಂಡಿಗೆ ಇಡಿ, ಹನಿ ಗೆರೆಯಾಗಿ ಕಾಣುತ್ತದೆ. 1/500 ಇಟ್ಟರೆ ಚುಕ್ಕಿ ಚುಕ್ಕಿ. ಆಟೋದಲ್ಲಿ ಬಿಟ್ಟರೆ ಫೋನು ಹಗಲಲ್ಲಿ ಶಟರ್ ವೇಗ ಜಾಸ್ತಿ ಮಾಡಿಬಿಡುತ್ತದೆ. ನಿಮ್ಮದು ಯಾವ ಫೋನ್ ಎಂದು ಹೇಳಿಲ್ಲ, ಶಟರನ್ನು ಕೈಯಾರೆ ಬದಲಿಸಲು ಬಿಡುವ ಪ್ರೊ ಮೋಡ್ ವಿಡಿಯೋಗೂ ಇದೆಯೇ ನೋಡಿ. ಇಲ್ಲದಿದ್ದರೆ ಬೇರೆ ಕ್ಯಾಮೆರಾ ಆಪ್ ಹಾಕಿಕೊಳ್ಳಿ.

ಇಷ್ಟಾದರೂ ಹನಿ ತೆಳು ಅನ್ನಿಸಿದರೆ ತೋಟದ ಪೈಪಿಗೆ ಶವರ್ ಸಿಕ್ಕಿಸಿ ಆಕಾಶದ ಕಡೆ ಹಿಡಿಯಿರಿ. ನೀರು ಮೇಲೆ ಹೋಗಿ ತಾನಾಗಿ ಬೀಳಬೇಕು. ಪಕ್ಕದಿಂದ ಎರಚಿದರೆ ಗಿಡಕ್ಕೆ ನೀರು ಹಾಕಿದ ಹಾಗೆ ಕಾಣುತ್ತದೆ. ನಟರ ಹಿಂದೆಯೂ ಮುಂದೆಯೂ ಬೀಳಲಿ. ಸದ್ದು ಬೇರೆ ರೆಕಾರ್ಡ್ ಮಾಡಿ ಸೇರಿಸಿ.