ಇಂಗ್ಲೆಂಡಿನಿಂದ ಬಂದವಳು ಇಂಗ್ಲಿಷ್‌ನಲ್ಲೇ ಫೇಲ್

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗಿ ಮತ್ತು ಅಪ್ಪ ಅಮ್ಮ ಒಪ್ಪಿದ್ದಾರೆ.)

"ಬೇಕು ಬೇಕೂಂತ ಮಾಡ್ತಿದ್ದಾಳೆ ಮೇಡಂ. ಇಷ್ಟು ವರ್ಷ ಇಂಗ್ಲೆಂಡಲ್ಲಿ ಓದಿದೋಳು ಇಂಗ್ಲಿಷಲ್ಲೇ ಫೇಲ್ ಆಗ್ತಾಳೆ ಅಂದ್ರೆ ಏನು?"

ಕೌನ್ಸೆಲಿಂಗ್‌ಗೆಂದು ನನ್ನ ಹತ್ತಿರ ಬಂದ ಅಪ್ಪ ಕೂತ ಕೂಡಲೇ ಆಡಿದ ಮಾತಿದು. ಅಮ್ಮ ಫೋನ್ ಮುಂದೆ ಹಿಡಿದರು. ಶಾಲೆಯ ಆ್ಯಪ್‌ನಲ್ಲಿ ಇಂಗ್ಲಿಷ್ 66 ಎಂದಿತ್ತು. ಇಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ, ಪಾಸಾಗಲು ನೂರಕ್ಕೆ 70 ಬೇಕು. ಮಗಳು ಹೂಡಿಯೊಳಗೆ ಮುಖ ಹುದುಗಿಸಿಕೊಂಡು ಕಾರ್ಪೆಟ್ ನೋಡುತ್ತಿದ್ದಳು.

ಅಪ್ಪ ಐಟಿಯವರು. ಲಂಡನ್ ಹತ್ತಿರದ ಊರಿನಿಂದ ಡಲ್ಲಾಸ್ ಪಕ್ಕಕ್ಕೆ ಕಂಪನಿ ಅವರನ್ನು ವರ್ಗ ಮಾಡಿತ್ತು. ಮಗಳಿಗೆ ಹದಿನೈದು. ಅಲ್ಲಿ ಇಯರ್ 10 ಮುಗಿಸಿದ್ದಳು, ಇಲ್ಲಿ ಅದರ ಮುಂದಿನ ತರಗತಿಗೆ ಸಮನಾದ ಟೆಂತ್ ಗ್ರೇಡ್ ಸೇರಿದಳು. ಹಳೆ ಗೆಳತಿಯರು ಇನ್ನೂ ಬೇಸಿಗೆ ರಜೆಯಲ್ಲಿದ್ದಾಗಲೇ ಆಗಸ್ಟ್ ಮಧ್ಯದಲ್ಲಿ ಇವಳಿಗೆ ಶಾಲೆ ಶುರುವಾಯಿತು. ಅಕ್ಟೋಬರ್ ಹೊತ್ತಿಗೆ ಮನೆಯಲ್ಲಿ ಮಾತು ನಿಂತಿತ್ತು. ರಾತ್ರಿ ನಿದ್ದೆ ಇರಲಿಲ್ಲ. ಬೆಳಿಗ್ಗೆ ಹೊಟ್ಟೆನೋವು.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದೆ. ಖಿನ್ನತೆ, ಸ್ವಂತಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆ, ಯಾರಾದರೂ ಪೀಡಿಸುತ್ತಿದ್ದಾರಾ, ಎಲ್ಲ ವಿಚಾರಿಸಿದೆ. ಅಂಥದ್ದೇನೂ ಕಾಣಲಿಲ್ಲ. ಆಮೇಲೆ ಆ್ಯಪ್ ತೆಗೆದು ಇಂಗ್ಲಿಷ್ ಅಂಕಗಳನ್ನು ಒಟ್ಟಿಗೆ ನೋಡಿದೆವು. ಪ್ರಬಂಧಕ್ಕೆ 94. ಪರೀಕ್ಷೆಗೆ 91. ನಡುವೆ ಸಾಲು ಸಾಲು ಸೊನ್ನೆ. ಓದಿದ ಪುಟಗಳ ಪಟ್ಟಿ, ಪುಸ್ತಕದ ಅಂಚಿನ ಟಿಪ್ಪಣಿ, ವಾರದ ಸಣ್ಣ ಕೆಲಸ, ಒಂದನ್ನೂ ಕೊಟ್ಟಿರಲಿಲ್ಲ.

"ಯಾಕೆ ಕೊಡಲಿಲ್ಲ?" ಎಂದೆ.

"ಯಾರೂ ಬೈಯಲಿಲ್ಲ ಆಂಟಿ. ಅದಕ್ಕೇ ಅದೇನು ಮುಖ್ಯ ಅಲ್ಲ ಅಂದ್ಕೊಂಡೆ."

ಈ ಪ್ರಕರಣದ ಮುಕ್ಕಾಲು ಪಾಲು ಈ ಉತ್ತರದಲ್ಲೇ ಇದೆ. ಇಂಗ್ಲೆಂಡಿನಲ್ಲಿ ಹೋಂವರ್ಕ್ ಮಾಡದಿದ್ದರೆ ಬೈಗುಳ ಸಿಗುತ್ತದೆ, ಶಾಲೆ ಬಿಟ್ಟ ಮೇಲೂ ಕೂರಿಸಿಕೊಳ್ಳುವ ಡಿಟೆನ್ಷನ್ ಸಿಗುತ್ತದೆ. ಆದರೆ ಅಂಕ ಹೋಗುವುದಿಲ್ಲ. ಹದಿನಾರರ ಸುಮಾರಿಗೆ ಬರೆಯುವ ಜಿಸಿಎಸ್‌ಇ ಹೆಚ್ಚಿನ ವಿಷಯಗಳಲ್ಲಿ ಎರಡು ವರ್ಷದ ಪಾಠಕ್ಕೆ ಕೊನೆಯಲ್ಲಿ ನಡೆಯುವ ಪರೀಕ್ಷೆ. ಮೇ, ಜೂನ್‌ನಲ್ಲಿ ಬರೆಯುತ್ತಾರೆ, ಆಗಸ್ಟ್‌ನಲ್ಲಿ ಫಲಿತಾಂಶ. ಗ್ರೇಡು 9ರಿಂದ 1ರವರೆಗೆ, 9 ಎಲ್ಲಕ್ಕಿಂತ ಮೇಲು. ವರ್ಷವಿಡೀ ಏಳುಬೀಳು ಇದ್ದರೂ ಕೊನೆಯ ತಿಂಗಳುಗಳಲ್ಲಿ ಎಳೆದು ಮೇಲೆ ಹಾಕಿಕೊಳ್ಳಬಹುದು. ಅಮೆರಿಕದಲ್ಲಿ ಟೀಚರ್ ನಗುನಗುತ್ತಾ ಮಾತಾಡಿಸುತ್ತಾರೆ, ನಗುನಗುತ್ತಲೇ ಸೊನ್ನೆ ಹಾಕುತ್ತಾರೆ. ಹೈಸ್ಕೂಲಿನ ನಾಲ್ಕು ವರ್ಷದ ಅಂಕವೂ ಜಿಪಿಎ ಎಂಬ ಒಟ್ಟು ಸರಾಸರಿಗೆ ಸೇರಿ ಕಾಲೇಜಿನವರೆಗೂ ಹಿಂದೆ ಬರುತ್ತದೆ.

ಅವಳ ಎದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಸಮಾನ ತೂಕದ ನಾಲ್ಕು ಕೆಲಸ. ಮೂರಕ್ಕೆ 90, ಒಂದಕ್ಕೆ ಸೊನ್ನೆ. ಸರಾಸರಿ 67.5. ಅಂದರೆ ಫೇಲ್. ಅದೇ ನಾಲ್ಕನೆಯದನ್ನು ಕಾಟಾಚಾರಕ್ಕೆ ಮಾಡಿ 50 ತೆಗೆದುಕೊಂಡರೂ ಸರಾಸರಿ 80. ಹುಡುಗಿ ಮೊದಲ ಸಲ ತಲೆ ಎತ್ತಿ, "ಇದು ಅನ್ಯಾಯ ಅಲ್ವಾ?" ಎಂದಳು. ನನಗೂ ಸ್ವಲ್ಪ ಹಾಗೇ ಅನಿಸುತ್ತದೆ, ಅವಳಿಗೂ ಹಾಗೇ ಹೇಳಿದೆ. ಹದಿನೈದರ ಮಕ್ಕಳ ಮುಂದೆ ವ್ಯವಸ್ಥೆಯ ವಕಾಲತ್ತು ಮಾಡಿದರೆ ಅವರು ನಮ್ಮ ಮಾತು ಕೇಳುವುದನ್ನೇ ಬಿಡುತ್ತಾರೆ.

ಅಪ್ಪನನ್ನು ಒಳಗೆ ಕರೆದು ಇದೇ ಲೆಕ್ಕ ತೋರಿಸಿದೆ. ಅವರದ್ದು ಒಂದೇ ಹಟ. "ನಾನು ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡನ್ನೂ ಕೊನೇ ಎರಡು ತಿಂಗಳು ಓದಿ ಡಿಸ್ಟಿಂಕ್ಷನ್ ತಗೊಂಡೋನು. ಓದೋ ಮನಸ್ಸಿದ್ರೆ ಎಲ್ಲಾದ್ರೂ ಆಗುತ್ತೆ." ಮಗಳು ಕಲಿತದ್ದು ಇದನ್ನೇ ಅಲ್ಲವೇ? ಕರ್ನಾಟಕದ ಪಬ್ಲಿಕ್ ಪರೀಕ್ಷೆಯೂ ಇಂಗ್ಲೆಂಡಿನ ಜಿಸಿಎಸ್‌ಇಯೂ ಈ ವಿಷಯದಲ್ಲಿ ಹತ್ತಿರದ ನೆಂಟರು. ಅಪ್ಪನಿಗೆ ಬಂದ ನಂಬಿಕೆಯನ್ನು ಇಂಗ್ಲೆಂಡ್ ಮಗಳಲ್ಲಿ ಗಟ್ಟಿ ಮಾಡಿತ್ತು. ಅವಳು ಸೋಮಾರಿಯಲ್ಲ, ಕೊನೆಯ ಪರೀಕ್ಷೆಗೆ ಕಾಯುತ್ತಿದ್ದಳು. ಇದನ್ನು ಹೇಳಿದಾಗ ಅಪ್ಪ ಒಪ್ಪಲಿಲ್ಲ, ಆದರೆ ವಾದವನ್ನೂ ಮುಂದುವರಿಸಲಿಲ್ಲ.

ಹೊಟ್ಟೆನೋವಿಗೆ ಬೇರೆಯೇ ಕಾರಣಗಳಿದ್ದವು.

ಮೊದಲನೆಯದು ಊಟದ ಹೊತ್ತು. ಅವಳ ಹಳೆ ಶಾಲೆಯಲ್ಲಿ ಹನ್ನೊಂದು ವರ್ಷಕ್ಕೆ ಸೇರಿದಾಗ ಒಂದು ಫಾರ್ಮ್, ಅಂದರೆ ವರ್ಷ ಕಳೆದರೂ ಬದಲಾಗದ ಮಕ್ಕಳ ಗುಂಪು, ಸಿಕ್ಕಿತ್ತು. ಅದೇ ಮಕ್ಕಳು, ಆ ಗುಂಪನ್ನು ನೋಡಿಕೊಳ್ಳುವ ಅದೇ ಫಾರ್ಮ್ ಟ್ಯೂಟರ್, ಬೆಳಿಗ್ಗೆ ಅದೇ ಕೋಣೆಯಲ್ಲಿ ಹಾಜರಿ. ಜಗಳವಾದರೂ ಮಾರನೇ ದಿನ ಪಕ್ಕದಲ್ಲೇ ಕೂರಬೇಕು. ಇಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳ ಶಾಲೆ. ಗಂಟೆ ಹೊಡೆದಾಗಲೆಲ್ಲ ಕೋಣೆ ಬೇರೆ, ಮುಖ ಬೇರೆ. ಸಾಲದ್ದಕ್ಕೆ ಒಂದು ವಿಷಯ ಮುಗಿಸಿದ್ದಕ್ಕೆ ಇಲ್ಲಿ ಕೊಡುವ ಕ್ರೆಡಿಟ್ ಎಂಬುದೇ ಇಂಗ್ಲೆಂಡಿನ ವರದಿಯಲ್ಲಿ ಇರಲಿಲ್ಲ, ಹಾಗಾಗಿ ಜಾಮೆಟ್ರಿಗೂ ಬಯಾಲಜಿಗೂ ಅವಳನ್ನು ನೈಂತ್ ಗ್ರೇಡ್ ಮಕ್ಕಳ ಜೊತೆ ಹಾಕಿದ್ದರು. ಇಂಗ್ಲೆಂಡಿನಲ್ಲಿ ಬೀಜಗಣಿತ, ರೇಖಾಗಣಿತ ಎಲ್ಲ ಕಲಸಿ ಪ್ರತಿ ವರ್ಷವೂ ಕಲಿಸುತ್ತಾರೆ. ಇಲ್ಲಿ ವರ್ಷಕ್ಕೊಂದು. ಊಟಕ್ಕೆ ಯಾರ ಪಕ್ಕ ಕೂರುವುದೆಂದು ತಿಳಿಯದೆ ಲೈಬ್ರರಿಯಲ್ಲಿ ಡಬ್ಬಿ ತೆರೆಯದೇ ಕೂರುತ್ತಿದ್ದಳು. ಬಾಯಿ ತೆರೆದರೆ ಅವಳ ಬ್ರಿಟಿಷ್ ಉಚ್ಚಾರ ಕೇಳಲು "ವಾಟರ್ ಅನ್ನು, ಇನ್ನೊಂದ್ಸಲ ಅನ್ನು" ಎಂದು ಎಲ್ಲರೂ ಕೇಳುತ್ತಿದ್ದರಂತೆ. ಅವರದ್ದು ಪ್ರೀತಿಯೇ ಇರಬಹುದು. ದಿನಾ ಕೇಳಿದರೆ ಯಾರಿಗಾದರೂ ಸಾಕಾಗುತ್ತದೆ.

ಎರಡನೆಯದನ್ನು ಅವಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಲಾಕ್‌ಡೌನ್ ಡ್ರಿಲ್ ನಡೆದಿತ್ತು, ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂಬ ಅಭ್ಯಾಸ. ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದು. ಪಕ್ಕದ ಹುಡುಗ ಆಕಳಿಸುತ್ತಿದ್ದ. ಇವಳ ಕೈ ನಡುಗುತ್ತಿತ್ತು. ಬ್ರಿಟನ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 1996ರಲ್ಲಿ ಗುಂಡು ಹಾರಿಸಿ ಮಕ್ಕಳನ್ನು ಕೊಂದ ಮರುವರ್ಷವೇ ಜನರ ಕೈಯಲ್ಲಿದ್ದ ಕೈಬಂದೂಕುಗಳನ್ನು ನಿಷೇಧಿಸಿದರು. ಬಂದೂಕಿನ ಭಯ ಶಾಲೆಯ ದಿನಚರಿಯಲ್ಲೇ ಇರಬಹುದೆಂಬುದು ಅವಳಿಗೆ ಹೊಸದು. ನಿದ್ದೆ ಕೆಟ್ಟದ್ದು ಆ ವಾರದಿಂದ. ಅಮ್ಮ ಇದನ್ನು ಕೇಳಿ ಅತ್ತುಬಿಟ್ಟರು.

ಮೂರನೆಯದು ಓಡಾಟ. ಅಲ್ಲಿ ನಡೆದೇ ಶಾಲೆಗೆ ಹೋಗುತ್ತಿದ್ದಳು, ಶನಿವಾರ ಬಸ್ ಹತ್ತಿ ಗೆಳತಿಯರ ಜೊತೆ ಪೇಟೆಗೆ ಹೋಗುತ್ತಿದ್ದಳು. ಇಲ್ಲಿನ ಬಡಾವಣೆಯಲ್ಲಿ ಬಸ್ಸೇ ಇಲ್ಲ, ಹಾಲು ತರಲೂ ಅಪ್ಪನ ಕಾರೇ ಬೇಕು. ಪಾರ್ಟ್‌ಟೈಮ್ ಕೆಲಸ ಮಾಡೋಣವೆಂದರೆ ಕಂಪನಿ ವರ್ಗ ಮಾಡಿದವರ ಕುಟುಂಬಕ್ಕೆ ಕೊಡುವ ಎಲ್-2 ವೀಸಾದಲ್ಲಿ ಮಕ್ಕಳು ದುಡಿಯುವಂತಿಲ್ಲ. ದೊಡ್ಡವಳಾಗುವ ವಯಸ್ಸಿನಲ್ಲಿ ಮತ್ತೆ ಚಿಕ್ಕ ಮಗುವಾಗಿಬಿಟ್ಟೆ ಅಂತ ಅವಳಿಗೆ ಅನಿಸಿತ್ತು.

ಬಟ್ಟೆಯ ಜಗಳವೂ ಇತ್ತು. ಬ್ಲೇಜರ್, ಟೈ ಹಾಕಿಕೊಂಡು ಹೋಗುತ್ತಿದ್ದವಳು ದಿನಾ ಬೆಳಿಗ್ಗೆ ಕಪಾಟಿನ ಮುಂದೆ ನಿಲ್ಲುತ್ತಿದ್ದಳು, ಅಮ್ಮ ಅದನ್ನು ಷೋಕಿ ಅಂದುಕೊಂಡಿದ್ದರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅಪ್ಪನಿಗೆ. ಆ ಆ್ಯಪ್‌ನ ಸದ್ದು ನಿಲ್ಲಿಸಿ ಎಂದೆ. ಸೊನ್ನೆ ಬಿದ್ದ ಕೂಡಲೇ ಆಫೀಸಿನಲ್ಲಿ ಅವರ ಫೋನ್ ಸದ್ದು ಮಾಡುತ್ತಿತ್ತು, ರಾತ್ರಿ ಊಟದ ಮೇಜು ಕೋರ್ಟ್ ಆಗುತ್ತಿತ್ತು. ಇಂಗ್ಲೆಂಡಿನಲ್ಲಿ ಆಗೊಂದು ಈಗೊಂದು ವರದಿ, ಒಂದು ಪೇರೆಂಟ್ಸ್ ಈವ್ನಿಂಗ್, ಅಷ್ಟೇ. ಭಾನುವಾರ ಸಂಜೆ ಮಗಳ ಜೊತೆ ಕೂತು ಒಮ್ಮೆ ನೋಡಿ, ಅದೂ ಅವಳೇ ತೆರೆದು ತೋರಿಸಲಿ, ಅಂದೆ. ಶಾಲೆಯ ತನ್ನ ವರ್ಷದವರಲ್ಲಿ ಟಾಪ್ 10 ಪರ್ಸೆಂಟ್‌ಗೆ ಬಂದರೆ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೇರ ಸೀಟು ಎಂದು ಯಾರೋ ಇವರ ತಲೆಗೆ ತುಂಬಿದ್ದರು. ಹೆಚ್ಚಿನ ವಿಶ್ವವಿದ್ಯಾಲಯಗಳ ಮಟ್ಟಿಗೆ ಮಾತು ನಿಜವೇ. ಆದರೆ 66 ತೆಗೆದವಳ ಮುಂದೆ ಅದನ್ನು ಈಗ ಎತ್ತಿ ಏನು ಪ್ರಯೋಜನ?

ಹುಡುಗಿಗೆ ಹೇಳಿದ್ದು: ಪ್ರತಿ ಟೀಚರ್‌ಗೂ ಸಣ್ಣದೊಂದು ಮೇಲ್ ಬರೆದು, ಬಾಕಿ ಕೆಲಸ ಈಗ ಕೊಟ್ಟರೆ ತೆಗೆದುಕೊಳ್ಳುತ್ತೀರಾ ಎಂದು ಕೇಳು. ಹಲವರು ಸ್ವಲ್ಪ ಅಂಕ ಕಡಿದು ತೆಗೆದುಕೊಳ್ಳುತ್ತಾರೆ. ಇಲ್ಲಿ ಕೇಳಿದವರಿಗೆ ಸಿಗುತ್ತದೆ, ಸುಮ್ಮನಿದ್ದವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಶಾಲೆಯ ಕೌನ್ಸೆಲರ್ ಹತ್ತಿರ ಅಪ್ಪ ಅಮ್ಮನೂ ಹೋಗಿ ಎರಡು ವಿಷಯ ಮಾತಾಡಲಿ. ಒಂದು, ಡ್ರಿಲ್ ಇದ್ದರೆ ಅವಳಿಗೆ ಮೊದಲೇ ತಿಳಿಸಬೇಕು. ಇನ್ನೊಂದು, ಜಾಮೆಟ್ರಿಗೆ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ದಾರಿ ಟೆಕ್ಸಾಸ್‌ನಲ್ಲಿದೆ, ಅದರ ವಿವರ ಕೇಳಬೇಕು.

ಊಟದ ಹೊತ್ತಿಗೆ ಸ್ನೇಹಿತರನ್ನು ಮಾಡಿಕೋ ಎಂದು ಹೇಳಿ ಸುಖವಿಲ್ಲ. ಕಳೆದುಹೋದ ಫಾರ್ಮ್‌ಗೆ ಬದಲಿ ಬೇಕು, ದಿನಾ ಅದೇ ಮುಖ ಕಾಣುವ ಜಾಗ. ಇಲ್ಲಿ ಅದು ಬ್ಯಾಂಡು, ನಾಟಕ ಅಥವಾ ತಂಡ. ಇವಳು ಅಲ್ಲಿ ಬ್ಯಾಸ್ಕೆಟ್‌ಬಾಲ್ ಹೋಲುವ ನೆಟ್‌ಬಾಲ್ ಆಡುತ್ತಿದ್ದಳು. ಇಲ್ಲಿ ಆ ಆಟದ ಹೆಸರೇ ಯಾರಿಗೂ ಗೊತ್ತಿಲ್ಲ. ಬ್ಯಾಸ್ಕೆಟ್‌ಬಾಲ್ ಟ್ರಯೌಟ್‌ಗೆ ಹೋಗು ಎಂದೆ. ಹೋದಳು. ಜೂನಿಯರ್ ವಾರ್ಸಿಟಿ, ಅಂದರೆ ಶಾಲೆಯ ಎರಡನೇ ಸಾಲಿನ ತಂಡಕ್ಕೆ ಆಯ್ಕೆಯಾದಳು. ಆದರೆ 1984ರಿಂದ ಟೆಕ್ಸಾಸ್‌ನಲ್ಲಿ 'ನೋ ಪಾಸ್, ನೋ ಪ್ಲೇ' ಕಾನೂನಿದೆ. ಗ್ರೇಡ್ 70ಕ್ಕಿಂತ ಕೆಳಗಿದ್ದರೆ ಕನಿಷ್ಠ ಮೂರು ವಾರ ಪಂದ್ಯ ಆಡುವಂತಿಲ್ಲ, ಅಭ್ಯಾಸಕ್ಕೆ ಮಾತ್ರ ಹೋಗಬಹುದು. ಅಪ್ಪನ ಬೈಗುಳದಿಂದ ಆಗದ್ದು ಇದರಿಂದ ಆಯಿತು. ಬೆಂಚಿನ ಮೇಲೆ ಕೂತು ಪಂದ್ಯ ನೋಡಿದ ಹುಡುಗಿ ಬಾಕಿ ಕೆಲಸವನ್ನೆಲ್ಲ ಮುಗಿಸಿದಳು.

ಮೈಸೂರಿನ ಅಜ್ಜಿ "ಇಲ್ಲಿಗೇ ಕಳಿಸಿ, ಪಿಯುಸಿ ಓದಲಿ" ಎಂದಿದ್ದರು. ಮತ್ತೆ ಇಂಗ್ಲೆಂಡಿಗೇ ಕಳಿಸಿದರೆ ಹೇಗೆಂದು ಅಮ್ಮನೂ ಕೇಳಿದರು. ಎರಡೂ ಬೇಡ ಅಂದೆ. ಜಿಸಿಎಸ್‌ಇ ಬರೆಯದೆ ಬಂದವಳಿಗೆ ಅಲ್ಲಿ ನಮ್ಮ ಪಿಯುಸಿಯಂಥ ಎ-ಲೆವೆಲ್‌ಗೆ ಸೀಟು ಸಿಗುವುದು ಕಷ್ಟ. ಅಪ್ಪ ಅಮ್ಮನನ್ನು ಬಿಟ್ಟು ಮೂರನೇ ಸಲ ಹೊಸ ಶಾಲೆ ಅಂದರೆ ಹೊಟ್ಟೆನೋವು ಅವಳ ಜೊತೆಗೇ ಪ್ರಯಾಣ ಮಾಡುತ್ತದೆ.

ಡ್ರೈವಿಂಗ್ ಬಗ್ಗೆ ಅಪ್ಪ ತುಂಬ ಹೆದರಿದರು. ಬ್ರಿಟನ್‌ನಲ್ಲಿ ಹದಿನೇಳಕ್ಕೆ ಕಾರು ಕಲಿಯಲು ಬಿಡುತ್ತಾರೆ, ಟೆಕ್ಸಾಸ್‌ನಲ್ಲಿ ಹದಿನೈದಕ್ಕೇ ಲರ್ನರ್ ಲೈಸೆನ್ಸ್. ಅಪ್ಪ ಅಮ್ಮನೇ ಕಲಿಸುವ ಕೋರ್ಸ್‌ಗೂ ಅವಕಾಶವಿದೆ. ನೀವೇ ಕಲಿಸಿ ಎಂದೆ. ಕಾರಿನಲ್ಲಿ ಇಬ್ಬರೂ ರಸ್ತೆ ನೋಡಬೇಕು, ಮುಖ ಮುಖ ನೋಡಿಕೊಳ್ಳುವ ಕಷ್ಟವಿಲ್ಲ. ಹದಿಹರೆಯದವರು ಅಲ್ಲಿ ಜಾಸ್ತಿ ಮಾತಾಡುತ್ತಾರೆ.

ಈಗ ಇಂಗ್ಲಿಷ್ 83. ಡ್ರಿಲ್‌ನ ಹಿಂದಿನ ರಾತ್ರಿ ಇನ್ನೂ ನಿದ್ದೆ ಬರುವುದಿಲ್ಲ, ಅದರ ಬಗ್ಗೆ ಮಾತುಕತೆ ನಡೆದಿದೆ. ಮುಂದಿನ ವರ್ಷಕ್ಕೆ ವಿಷಯ ಆರಿಸುವ ಸಮಯ ಬಂದಿದೆ. ಕಾಲೇಜು ಮಟ್ಟದ ಎಪಿ ವಿಷಯ ಐದಾದರೂ ತಗೋಬೇಕು ಅಂತಾರೆ ಅಪ್ಪ. ಎರಡು ಸಾಕು ಅಂತಾಳೆ ಮಗಳು. ನಾನು ಮಗಳ ಪಕ್ಷ, ಅದನ್ನು ಅಪ್ಪನಿಗೆ ಹೇಳಿಯೂ ಇದ್ದೇನೆ.