ಬೆಡ್‌ಶೀಟ್‌ಗೆ 600 ಥ್ರೆಡ್ ಕೌಂಟ್ ಒಳ್ಳೆಯದಾ, 1000 ಒಳ್ಳೆಯದಾ?

ಮೇ ತಿಂಗಳಲ್ಲಿ ಅತ್ತೆ ಮಾವ ಠಾಣೆಗೆ ಬರುತ್ತಾರೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಎರಡೂ ಬೇಡ. 1000ದ್ದು ತಂದು ನನ್ನ ಅಮ್ಮನಿಗೆ ಒಂಬತ್ತು ರಾತ್ರಿ ನಿದ್ದೆ ಇಲ್ಲದ ಹಾಗೆ ಮಾಡಿದವಳು ನಾನು.

ಅಮ್ಮ ಉಡುಪಿಯಿಂದ ಡೊಂಬಿವಲಿಗೆ ಬಂದದ್ದು ಮಂಡಿ ಆಪರೇಷನ್ನಿಗೆ. ಅದೂ ಮೇ ತಿಂಗಳೇ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಎಲ್ಲಾ ಚೆನ್ನಾಗಿರಲಿ ಅಂತ ಅಂಗಡಿಯಲ್ಲಿದ್ದ ಅತಿ ದೊಡ್ಡ ನಂಬರಿನ ಬೆಡ್‌ಶೀಟ್ ತಂದೆ. ಮುಟ್ಟಿದರೆ ರೇಷ್ಮೆ ಹಾಗಿತ್ತು. ಬೇರೆ ದಿನಗಳಲ್ಲಾದರೆ ಸೆಕೆಗೆ ಅಮ್ಮ ನೆಲಕ್ಕೆ ಚಾಪೆ ಹಾಸಿಕೊಳ್ಳುತ್ತಿದ್ದರು. ಈಗ ಮಂಡಿ ಮಡಚುವ ಹಾಗಿಲ್ಲ, ಮಂಚವೇ ಗತಿ. ಹತ್ತನೇ ದಿನ ವ್ಯಾಯಾಮ ಮಾಡಿಸಲು ಬಂದ ಹುಡುಗಿ ಬೆನ್ನು ನೋಡಿ ನನ್ನನ್ನು ಕರೆದಳು. ಬೆನ್ನು ತುಂಬಾ ಬೆವರುಸಾಲೆ. "ನೀನು ಅಷ್ಟು ದುಡ್ಡು ಕೊಟ್ಟು ತಂದದ್ದಲ್ವಾ ಮಗಾ, ಹೇಗೆ ಹೇಳುವುದು" ಅಂದರು ಅಮ್ಮ. ಅವತ್ತೇ ಅದನ್ನು ತೆಗೆದು ಅವರ ಹಳೆಯ ಹತ್ತಿ ಸೀರೆ ಹಾಸಿದೆ. ರಾತ್ರಿ ಪೂರ್ತಿ ಮಲಗಿದರು.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಇದೇ ಮುಖ್ಯ. ಲೇಬಲ್ ಮೇಲೆ 'ಕಾಟನ್ ರಿಚ್' ಅಂತ ಇತ್ತು. ನಾನು ಅದನ್ನು ಒಳ್ಳೆಯ ಹತ್ತಿ ಅಂತ ಓದಿಕೊಂಡೆ. ಹತ್ತಿಯ ಜೊತೆ ಬೇರೇನೋ ಸೇರಿದೆ ಅನ್ನುವುದೇ ಅದರ ಅರ್ಥ. ಆಮೇಲೆ ಮುಂಬೈಯ ಬಟ್ಟೆ ಪೇಟೆ ಮಂಗಳದಾಸ್ ಮಾರ್ಕೆಟ್‌ಗೆ ಹೋದಾಗ ಅದರ ಒಂದು ಅಂಚು ಕತ್ತರಿಸಿ ಒಯ್ದಿದ್ದೆ. ಅಲ್ಲಿನ ಹಿರಿಯ ವ್ಯಾಪಾರಿಯೊಬ್ಬರು ಎಳೆ ಎಣಿಸುವ ಪುಟ್ಟ ಮಸೂರ ಇಟ್ಟು ತೋರಿಸಿದರು. ಹಾಸುಹೊಕ್ಕು ಅನ್ನುತ್ತೇವಲ್ಲ, ಥ್ರೆಡ್ ಕೌಂಟ್ ಅಂದರೆ ಅದೇ ಲೆಕ್ಕ. ಒಂದು ಚದರ ಅಂಗುಲದಲ್ಲಿ ಉದ್ದಕ್ಕೆ ಎಷ್ಟು ದಾರ, ಅಡ್ಡಕ್ಕೆ ಎಷ್ಟು ದಾರ, ಎರಡನ್ನೂ ಕೂಡಿಸುವುದು. ನನ್ನದರಲ್ಲಿ ಹಾಸು ಸುಮಾರು 200, ಹೊಕ್ಕು ಸುಮಾರು 100. ಅಲ್ಲಿಗೆ 300 ಅಷ್ಟೇ! ಆದರೆ ಒಂದೊಂದು ಹೊಕ್ಕಿನಲ್ಲಿ ಎಂಟು ಸಣ್ಣ ಎಳೆ ಒಟ್ಟಿಗೆ ಓಡಿಸಿದ್ದರು. ಎಂಟನ್ನೂ ಬೇರೆ ಬೇರೆ ಎಣಿಸಿ 800 ಮಾಡಿ, ಅದಕ್ಕೆ 200 ಸೇರಿಸಿ 1000 ಅಂತ ಬರೆದಿದ್ದರು. ಹೊಕ್ಕಿನ ಎಳೆಗೆ ಕಡ್ಡಿ ಗೀರಿದಾಗ ಅದು ಕರಗಿ ಗಟ್ಟಿ ಗುಂಡಾಯಿತು. ಪಾಲಿಯೆಸ್ಟರ್. ಹಾಸಿನ ಎಳೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಯಿತು, ಅದು ಹತ್ತಿ. ಬೆವರು ಹೀರದ ದಾರವನ್ನು ಅಷ್ಟು ಒತ್ತಾಗಿ ತುಂಬಿದರೆ ಗಾಳಿ ಎಲ್ಲಿಂದ ಆಡಬೇಕು?

ಹಾಗಾಗಿ ನಂಬರ್ ಹಿಡಿದು ಹೋಗಬೇಡಿ. ಒಂಟಿ ಎಳೆಯ ಹತ್ತಿ ದಾರ 500ರ ಆಚೆ ಸುಲಭಕ್ಕೆ ಹಿಡಿಸುವುದೇ ಇಲ್ಲ. 100 ಪರ್ಸೆಂಟ್ ಕಾಟನ್, ಸಿಂಗಲ್ ಪ್ಲೈ (ಅಂದರೆ ಒಂಟಿ ಎಳೆ), ಪರ್ಕೇಲ್ ನೇಯ್ಗೆ ಅಂತ ಕೇಳಿ. 200ರಿಂದ 300 ಸಾಕು. ಪರ್ಕೇಲ್‌ನಲ್ಲಿ ದಾರ ಒಂದು ಮೇಲೆ ಒಂದು ಕೆಳಗೆ ಹೋಗುತ್ತದೆ, ಗರಿಗರಿ ಇರುತ್ತದೆ. ಸ್ಯಾಟೀನ್ ಹೊಳೆಯುತ್ತದೆ, ನುಣುಪು ಜಾಸ್ತಿ, ಆದರೆ ಮುಂಬೈ ಸೆಕೆಗೆ ನಾನಂತೂ ತಗೊಳ್ಳುವುದಿಲ್ಲ. ಬಟ್ಟೆ ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಸಮ ಇರಬೇಕು. ಹತ್ತಿ ಸ್ವಲ್ಪ ಕುಗ್ಗುತ್ತದೆ, ಅಳತೆ ನಾಲ್ಕು ಅಂಗುಲ ಜಾಸ್ತಿಯೇ ಇರಲಿ. ಮಳೆಗಾಲದಲ್ಲಿ ತೆಳ್ಳಗಿನದು ಬೇಗ ಒಣಗುತ್ತದೆ. ನನ್ನ ಆ ದಪ್ಪ ಬೆಡ್‌ಶೀಟ್ ಜುಲೈಯಲ್ಲಿ ಮೂರು ದಿನ ಒಣಗದೆ ಮುಗ್ಗಲು ಹಿಡಿದಿತ್ತು.

ಅವರು ಬರುವ ಮುಂಚೆ ಎರಡು ಸಲ ಒಗೆದಿಡಿ, ಗಂಜಿ ಹೋಗಿ ಮೆತ್ತಗಾಗುತ್ತದೆ. ಬಂದ ಮಾರನೇ ದಿನವೇ ನಿದ್ದೆ ಬಂತಾ, ಬೆನ್ನು ಉರಿಯುತ್ತಾ ಅಂತ ನೀವೇ ಕೇಳಿ. ಅವರಾಗಿ ಹೇಳುವುದಿಲ್ಲ.